ಗಟ್ಟಿ ಕೈಯನ್ನು ಉಳಿಸಿಕೊಳ್ಳುವುದು: ಹುಟ್ಟುವಾಗಲೇ ತೋಳಿನ ನರಕ್ಕೆ ಪೆಟ್ಟಾದವರ ಮನೆ, ಕೆಲಸ, ಕಾಗದಪತ್ರ

ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಮಗುವಿನ ಭುಜ ಸಿಕ್ಕಿಕೊಂಡರೆ ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಜಗ್ಗುತ್ತವೆ, ಕೆಲವು ಸಲ ಹರಿದೇ ಹೋಗುತ್ತವೆ. ಬೆನ್ನುಹುರಿಯಿಂದ ಹೊರಡುವ ಐದು ಬೇರುಗಳ, ಅಂದರೆ ಸಿ5ರಿಂದ ಟಿ1ರವರೆಗಿನ ಈ ಹೆಣಿಗೆಯೇ ಬ್ರೇಕಿಯಲ್ ಪ್ಲೆಕ್ಸಸ್. ಮೇಲಿನ ಎರಡು ಬೇರುಗಳಿಗೆ ಮಾತ್ರ ಪೆಟ್ಟಾಗಿದ್ದರೆ ಅದು ಎರ್ಬ್ಸ್ ಪಾಲ್ಸಿ: ಭುಜ, ಮೊಣಕೈ ಸೋಲುತ್ತವೆ, ಬೆರಳುಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಐದಕ್ಕೂ ಆಗಿದ್ದರೆ ಅಂಗೈ, ಬೆರಳುಗಳೂ ಸೋಲುತ್ತವೆ. ಬಹಳಷ್ಟು ಮಕ್ಕಳು ಮೊದಲ ಕೆಲವು ತಿಂಗಳಲ್ಲೇ ಚೇತರಿಸಿಕೊಳ್ಳುತ್ತಾರೆ. ಉಳಿದವರು ಅದೇ ಕೈಯೊಂದಿಗೆ ಓದಿ, ಕೆಲಸ ಹಿಡಿದು, ಸಂಸಾರ ನಡೆಸುತ್ತಾರೆ. ಈ ಬರಹ ಅವರಿಗಾಗಿ.

ಚಿಕಿತ್ಸೆಯ ಮಾತೆಲ್ಲ ಮಕ್ಕಳ ಸುತ್ತಲೇ ನಡೆಯುತ್ತದೆ, ಅದಕ್ಕೆ ಕಾರಣವೂ ಇದೆ. ನರ ಜೋಡಿಸುವ ಶಸ್ತ್ರಚಿಕಿತ್ಸೆಗೆ ಕಾಲ ಇರುವುದು ಹುಟ್ಟಿದ ಮೊದಲ ವರ್ಷದ ಆಸುಪಾಸಿನಲ್ಲಿ. ಆಮೇಲೆ ಉಳಿಯುವುದು ಸ್ನಾಯುರಜ್ಜುವನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರನ್ನು, ಬೇರೆಡೆ ಕೂರಿಸುವುದು, ತೋಳಿನ ಮೂಳೆಯನ್ನು ತಿರುಗಿಸಿ ಕೂರಿಸುವುದು ಇಂಥವು. ಅವು ಎಲ್ಲರಿಗೂ ಹೊಂದುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ದೊಡ್ಡವರ ತೊಂದರೆಯೇ ಬೇರೆ. ವಯಸ್ಸು ಏರಿದಂತೆ ಸೋತ ಕೈಯ ಭುಜದ ಕೀಲು ಸವೆಯುತ್ತದೆ. ಅದರ ಜೊತೆಗೆ, ಎರಡು ಕೈಯ ಕೆಲಸವನ್ನು ಒಂದೇ ಹೊತ್ತ ಗಟ್ಟಿ ಕೈಯಲ್ಲಿ ಭುಜನೋವು, ಮೊಣಕೈ ನೋವು, ರಾತ್ರಿ ಬೆರಳು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆ ಶುರುವಾಗುತ್ತವೆ. ಗಟ್ಟಿ ಕೈ ಕೈಕೊಟ್ಟರೆ ಬದಲಿ ಕೈ ಇಲ್ಲ. ಆದ್ದರಿಂದ ಮುಂದೆ ಹೇಳುವ ಪ್ರತಿ ಉಪಾಯವನ್ನೂ ಒಂದೇ ಪ್ರಶ್ನೆಯಿಂದ ಅಳೆಯಿರಿ: ಇದು ಗಟ್ಟಿ ಕೈಯ ಹೊರೆ ಇಳಿಸುತ್ತದೆಯೇ?

ಮೊದಲು ಯಾವ ಚಲನೆ ಇಲ್ಲ ಎಂದು ಗುರುತಿಸಿ

"ಕೈಗೆ ಬಲ ಇಲ್ಲ" ಎಂದು ಸುಮ್ಮನೆ ಹೇಳಿಕೊಂಡರೆ ಯಾವ ಉಪಾಯವೂ ಹೊಳೆಯುವುದಿಲ್ಲ. ಕನ್ನಡಿಯ ಮುಂದೆ ಮೈ ನೆಟ್ಟಗೆ ಮಾಡಿ ನಿಂತು ಒಂದೊಂದೇ ಚಲನೆ ನೋಡಿ.

ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಿಚಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ತಿರುಗಿಸಿ. ಎರ್ಬ್ಸ್ ಪಾಲ್ಸಿಯಲ್ಲಿ ಹೆಚ್ಚಾಗಿ ಮೊದಲು ಹೋಗುವುದು ಇದೇ. ಮುಂಗೈ ಹೊಟ್ಟೆಯ ಕಡೆಗೇ ಉಳಿಯುತ್ತದೆ. ಮೊಣಕೈ ಹಾಗೆಯೇ ಇಟ್ಟು ಅಂಗೈಯನ್ನು ಮೇಲ್ಮುಖ ಮಾಡಿ. ಆಮೇಲೆ ಕೈಯನ್ನು ಬಾಯಿಗೆ ತನ್ನಿ: ಮೊಣಕೈ ತಾನಾಗಿ ಭುಜದ ಮಟ್ಟಕ್ಕೆ ಏರುತ್ತದೆಯೇ? ಕಹಳೆ ಊದುವವರ ಭಂಗಿಯಂತೆ ಕಾಣುವುದರಿಂದ ವೈದ್ಯರು ಅದಕ್ಕೆ ಟ್ರಂಪೆಟ್ ಸೈನ್ ಎನ್ನುತ್ತಾರೆ. ಭುಜ ಹೊರಗೆ ತಿರುಗದಿದ್ದಾಗ ಕೈ ಬಾಯಿ ಮುಟ್ಟಲು ಮೊಣಕೈ ಏರಲೇಬೇಕು. ಜೊತೆಗೆ, ಮತ್ತೆ ಬೆಳೆದ ನರಗಳು ದಾರಿ ತಪ್ಪಿ ತೋಳು ಮಡಿಸುವ ಸ್ನಾಯುವಿಗೂ ಭುಜ ಎತ್ತುವ ಸ್ನಾಯುವಿಗೂ ಒಟ್ಟಿಗೆ ಅಪ್ಪಣೆ ಕಳಿಸುವುದೂ ಉಂಟು. ಮನಸ್ಸು ಗಟ್ಟಿ ಮಾಡಿಕೊಂಡರೆ ಇದು ಹೋಗುವುದಿಲ್ಲ. "ಮೊಣಕೈ ಇಳಿಸು" ಎಂದು ಗದರುವ ಮನೆಯವರಿಗೆ ಇದನ್ನು ಒಮ್ಮೆ ತಿಳಿಸಿ ಹೇಳಬೇಕು.

ಕೈಯನ್ನು ತಲೆಯ ಮೇಲೆ ಎತ್ತಿ, ಬೆನ್ನ ಹಿಂದೆ ಸೊಂಟಕ್ಕೆ ಒಯ್ದು ನೋಡಿ. ಎತ್ತುವಾಗ ಹೆಗಲ ಮೂಳೆ ರೆಕ್ಕೆಯಂತೆ ಎದ್ದು ಬಂದರೆ, ಮೈ ಪಕ್ಕಕ್ಕೆ ವಾಲಿದರೆ, ಅದನ್ನೂ ಬರೆದುಕೊಳ್ಳಿ. ಕಣ್ಣು ಮುಚ್ಚಿಕೊಂಡು ತಣ್ಣನೆಯ ಚಮಚ, ಬೆಚ್ಚನೆಯ ಲೋಟ ಮುಟ್ಟಿ ಸ್ಪರ್ಶ ಹೇಗಿದೆ ಎಂದು ತಿಳಿದುಕೊಳ್ಳಿ. ಹೆಗಲ ತುದಿಯಿಂದ ಮಣಿಕಟ್ಟಿನವರೆಗೆ ಎರಡೂ ತೋಳುಗಳನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಸೋತ ತೋಳು ಕೆಲವು ಸೆಂಟಿಮೀಟರ್ ಗಿಡ್ಡ ಇರುವುದು ಸಾಮಾನ್ಯ. ವರ್ಷಕ್ಕೊಮ್ಮೆ ಇದೇ ಭಂಗಿಗಳ ಫೋಟೊ ತೆಗೆದಿಡಿ. ಹುಟ್ಟಿನ ಪೆಟ್ಟು ದೊಡ್ಡವರಾದ ಮೇಲೆ ತಾನಾಗಿ ಹೆಚ್ಚುವುದಿಲ್ಲ. ಹಿಡಿತ ಹೊಸದಾಗಿ ಸಡಿಲವಾದರೆ, ಹೊಸ ಜೋಮು ಬಂದರೆ, ಅದು ಕತ್ತಿನ ಡಿಸ್ಕ್ ಇರಬಹುದು, ಕೀಲಿನ ಸವೆತ ಇರಬಹುದು. ಹಳೆಯದೇ ಇದು ಎಂದು ಬಿಟ್ಟುಬಿಡದೆ ತೋರಿಸಿ.

ಬಟ್ಟೆ, ಸ್ನಾನ

ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಈ ಒಂದು ಕ್ರಮ ತಪ್ಪಿದರೆ ಅಂಗಿಯೊಳಗೆ ಸಿಕ್ಕಿಕೊಂಡು ಭುಜ ಉಳುಕಿಸಿಕೊಳ್ಳುವುದು ಖಂಡಿತ.

ದರ್ಜಿಯವರಿಗೆ ಎರಡೂ ತೋಳುಗಳನ್ನು ಬೇರೆಬೇರೆ ಅಳೆಯಲು ಹೇಳಿ. ಸೋತ ಕಡೆಯ ಕಂಕುಳ ಸುತ್ತಳತೆ 1ರಿಂದ 2 ಸೆಂ.ಮೀ. ಸಡಿಲ, ತೋಳಿನ ಉದ್ದ ನಿಮ್ಮ ಅಳತೆಯಷ್ಟೇ. ರವಿಕೆಗೆ ಹುಕ್ಕು ಮುಂದೆ ಇರಲಿ. ಬ್ರಾ ಹುಕ್ಕನ್ನು ಮುಂದೆ ಹಾಕಿ ಹಿಂದಕ್ಕೆ ತಿರುಗಿಸಬಹುದು, ಆದರೆ ಮುಂದೆ ತೆರೆಯುವಂಥದ್ದೇ ಸಿಕ್ಕರೆ ದಿನವೂ ಭುಜ ತಿರುಚುವುದು ತಪ್ಪುತ್ತದೆ. ಅಂಗಿಯ ಗುಂಡಿಯನ್ನು ಕಾಜದ ಮೇಲೆಯೇ ಹೊಲಿಸಿ ಒಳಗೆ ವೆಲ್ಕ್ರೊ ಇಡಿಸಿದರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಜಿಪ್ಪಿಗೆ ಗಟ್ಟಿ ದಾರದ ಒಂದು ಬಳೆ ಕಟ್ಟಿಕೊಳ್ಳಿ.

ಸೀರೆ ಉಡುವುದು ಕಷ್ಟ ಎಂದುಕೊಂಡವರು ಒಂದು ಅನುಕೂಲ ಗಮನಿಸಿರುವುದಿಲ್ಲ. ಒಳಕ್ಕೆ ತಿರುಗಿದ ತೋಳಿನ ಅಂಗೈ ತಾನಾಗಿ ಹೊಕ್ಕುಳ ಬಳಿ ಬರುತ್ತದೆ, ನೆರಿಗೆ ಹಿಡಿದಿಡಲು ಬೇಕಾದ ಜಾಗವೂ ಅದೇ. ಗಟ್ಟಿ ಕೈಯಿಂದ ನೆರಿಗೆ ಹಾಕುತ್ತ ಒಂದೊಂದನ್ನೂ ಸೋತ ಕೈಯ ಹೆಬ್ಬೆರಳು ಮತ್ತು ತೋರುಬೆರಳ ಸಂದಿಗೆ ಸೇರಿಸಿ. ನಾಲ್ಕು ನೆರಿಗೆಗೊಮ್ಮೆ ಬಟ್ಟೆ ಕ್ಲಿಪ್ ಹಾಕಿದರೆ ಜಾರುವುದಿಲ್ಲ. ಸೆರಗಿನ ನೆರಿಗೆಯನ್ನು ಹಿಂದಿನ ರಾತ್ರಿಯೇ ಮಂಚದ ಮೇಲೆ ಹಾಸಿ ಪಿನ್ನು ಹಾಕಿ ಇಸ್ತ್ರಿ ಮಾಡಿಡಿ. ಬಟ್ಟೆ ಕಾಟನ್ ಆಗಿರಲಿ. ಜಾರ್ಜೆಟ್ ಒಂದು ಕೈಗೆ ಬಗ್ಗುವುದಿಲ್ಲ. ಪಂಚೆ, ಲುಂಗಿಯ ಗಂಟಿಗೂ ಇದೇ ಉಪಾಯ.

ಸ್ನಾನದ ಬಕೆಟ್ಟನ್ನು 40-45 ಸೆಂ.ಮೀ. ಎತ್ತರದ ಸ್ಟೂಲಿನ ಮೇಲೆ, ಗಟ್ಟಿ ಕೈಯ ಕಡೆ ಇಡಿ. ಸೋತ ಕೈಯ ಕಂಕುಳು ತೊಳೆಯಲು ಮುಂದಕ್ಕೆ ಬಾಗಿ ತೋಳನ್ನು ಸುಮ್ಮನೆ ಜೋತುಬಿಡಿ, ಕಂಕುಳು ತಾನೇ ತೆರೆದುಕೊಳ್ಳುತ್ತದೆ. ಒರೆಸುವಾಗಲೂ ಹಾಗೆಯೇ, ಒದ್ದೆ ಉಳಿದರೆ ಅಲ್ಲಿ ಹುಳುಕಡ್ಡಿ ಬರುತ್ತದೆ. ಬೆನ್ನಿಗೆ ಎರಡು ತುದಿಯಲ್ಲಿ ಹಿಡಿ ಇರುವ ನಾರಿನ ಪಟ್ಟಿ ಬೇಡ, ಅದಕ್ಕೆ ಎರಡು ಕೈ ಬೇಕು. ಉದ್ದ ಹಿಡಿಯ ಬ್ರಷ್ ತನ್ನಿ. ಕೈಯಲ್ಲಿ ಸ್ಪರ್ಶ ಕಡಿಮೆ ಇದ್ದರೆ ನೀರಿನ ಬಿಸಿಯನ್ನು ಯಾವಾಗಲೂ ಗಟ್ಟಿ ಕೈಯಿಂದ ನೋಡಿ. ಕಮೋಡಿನ ಪಕ್ಕದ ಹ್ಯಾಂಡ್ ಶವರ್ ಸಾಮಾನ್ಯವಾಗಿ ಬಲಕ್ಕಿರುತ್ತದೆ. ಸೋತಿರುವುದು ಬಲಗೈ ಆದರೆ ಪ್ಲಂಬರಿನಿಂದ ಎಡಕ್ಕೆ ಹಾಕಿಸಿ, ಇದು ಮುಂದೂಡುವ ಕೆಲಸವಲ್ಲ.

ಊಟ, ಅಡುಗೆ

ಈ ಪೆಟ್ಟು ಎಡಗೈಗಿಂತ ಬಲಗೈಗೆ ಆಗುವುದೇ ಹೆಚ್ಚು, ಏಕೆಂದರೆ ಹೆರಿಗೆಯಲ್ಲಿ ಹೆಚ್ಚಿನ ಮಕ್ಕಳ ಬಲಭುಜವೇ ತಾಯಿಯ ಮುಂದಿನ ಸೊಂಟದ ಮೂಳೆಗೆ ಸಿಕ್ಕಿಕೊಳ್ಳುವ ಭಂಗಿಯಲ್ಲಿರುತ್ತದೆ. ಹಾಗಾಗಿ ನಮ್ಮಲ್ಲಿ ಎಡಗೈ ಊಟದ ಪ್ರಶ್ನೆ ಬಂದೇ ಬರುತ್ತದೆ. ಎಡಗೈಯಲ್ಲಿ ಉಣ್ಣುವುದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಪಂಕ್ತಿಯಲ್ಲಿ ನಿಮ್ಮ ಎಡಕ್ಕೆ ಯಾರೂ ಇಲ್ಲದ ತುದಿಯ ಎಲೆ ಹಿಡಿಯಿರಿ, ಪಕ್ಕದವರ ಮೊಣಕೈಗೆ ತಾಗುವುದಿಲ್ಲ. ತೀರ್ಥದ ವಿಚಾರ ಬೇರೆ: ಅಂಗೈ ಮೇಲಾಗದ ಬಲಗೈಯಲ್ಲಿ ನೀರು ನಿಲ್ಲುವುದಿಲ್ಲ. ಎಡ ಅಂಗೈಯನ್ನು ಬಲ ಮಣಿಕಟ್ಟಿನ ಕೆಳಗೆ ಕೊಟ್ಟು ಬಲಗೈಯನ್ನು ಹೊರಕ್ಕೆ ಹೊರಳಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಬೊಗಸೆಯಲ್ಲಿ ಒಂದು ಉದ್ಧರಣೆಯಷ್ಟು ನಿಲ್ಲುವ ಗುಳಿ ಆಗುತ್ತದೆ. ಬಲಗೈಗೆ ಎಡಗೈ ಆಸರೆ ಕೊಡುವುದು ಮೊದಲೇ ರೂಢಿಯಲ್ಲಿರುವ ಮರ್ಯಾದೆಯಾದ್ದರಿಂದ ಅರ್ಚಕರು ಎರಡನೇ ಸಲ ನೋಡುವುದೂ ಇಲ್ಲ.

ಸೋತ ಕೈಯಲ್ಲೇ ಉಣ್ಣುವವರು ಬಾಯಿಗೆ ಕೈ ತರುವ ದೂರ ಕಡಿಮೆ ಮಾಡಬೇಕು. ತಟ್ಟೆಯ ಕೆಳಗೆ 10-12 ಸೆಂ.ಮೀ. ಎತ್ತರದ ಮಣೆ ಇಟ್ಟು, ಮೊಣಕೈಯನ್ನು ಮೇಜಿನ ಮೇಲೆ ಊರಿದರೆ ತೋಳಿನ ಭಾರ ಮೇಜಿಗೆ ಹೋಗುತ್ತದೆ, ಭುಜ ಬೇಗ ಸೋಲುವುದಿಲ್ಲ.

ಅಡುಗೆಮನೆಯಲ್ಲಿ ಸೋತ ಕೈಯ ಕೆಲಸ ಹೆಚ್ಚಾಗಿ ಒಂದೇ, ಹಿಡಿದುಕೊಳ್ಳುವುದು. ಆ ಕೆಲಸವನ್ನು ವಸ್ತುವಿಗೆ ವಹಿಸಿ. 2 ಸೆಂ.ಮೀ. ದಪ್ಪದ ಮರದ ಹಲಗೆಗೆ ಕೆಳಗಿನಿಂದ ಎರಡು ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಹೊಡೆಸಿ, ತುದಿ ಮೇಲೆ ಸುಮಾರು 3 ಸೆಂ.ಮೀ. ಬರಲಿ, ನಡುವೆ 2 ಸೆಂ.ಮೀ. ಅಂತರ. ಈರುಳ್ಳಿ, ಆಲೂಗೆಡ್ಡೆ, ಸೋರೆಕಾಯಿಯನ್ನು ಅದಕ್ಕೆ ಚುಚ್ಚಿ ಒಂದೇ ಕೈಯಲ್ಲಿ ಹೆರೆಯಬಹುದು, ಹೆಚ್ಚಬಹುದು. ಮಾಮೂಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ತರಕಾರಿ ಕಪ್ಪಾಗಿಸುತ್ತದೆ. ಮೊಳೆ ಒಂದೇ ಹೊಡೆಸಿದರೆ ಕಾಯಿ ಗಿರಗಿರ ತಿರುಗುತ್ತದೆ, ಅದಕ್ಕೇ ಎರಡು. ಹಲಗೆಯ ಒಂದು ಮೂಲೆಗೆ ಎರಡು ಬದಿ ಪಟ್ಟಿ ಹೊಡೆಸಿದರೆ ಚಪಾತಿಗೆ ತುಪ್ಪ ಸವರುವಾಗ ಅದು ಓಡುವುದಿಲ್ಲ. ಕೆಳಗೆ ಒದ್ದೆ ಬಟ್ಟೆ ಹಾಸಿ. ಬಳಸದಾಗ ಮೊಳೆಯ ತುದಿಗಳಿಗೆ ಬಿರಡೆ ಚುಚ್ಚಿಡಿ.

ಕಾಯಿ ತುರಿಯಲು ಹಳೆಯ ತುರಿಮಣೆಯೇ ವಾಸಿ. ಅದರ ಮೇಲೆ ಕೂತರೆ ಮೈಭಾರವೇ ಮಣೆಯನ್ನು ಹಿಡಿದಿರುತ್ತದೆ, ಹೋಳನ್ನು ಒಂದು ಕೈಯಲ್ಲಿ ಆಡಿಸಿದರೆ ಸಾಕು. ಕಟ್ಟೆಗೆ ಕಚ್ಚಿಕೊಳ್ಳುವ ಹಿಡಿ ತಿರುಗಿಸುವ ತುರಿಯುವ ಯಂತ್ರಕ್ಕೆ ಒಂದು ಕೈ ತಿರುಗಿಸಲು, ಇನ್ನೊಂದು ಕೈ ಕಾಯಿ ಒತ್ತಲು ಬೇಕು. ಅಂಗಡಿಯವರು ಅದನ್ನೇ ಸುಲಭ ಎಂದು ಮಾರುತ್ತಾರೆ. ಮುದ್ದೆ ತೊಳಸಲು ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಪಾತ್ರೆಯ ಕಂಠ ಸಿಕ್ಕಿಸಿ, ಕೋಲನ್ನು ಪಾದದಿಂದ ಒತ್ತಿಕೊಂಡರೆ ಕೈಗಳ ಪೈಕಿ ಒಂದು ಬಿಡುವಾಗುತ್ತದೆ. ಉಂಡೆ ಕಟ್ಟುವಾಗ ಒದ್ದೆ ಮಾಡಿದ ಗುಂಡು ಬಟ್ಟಲಿಗೆ ಹಿಟ್ಟು ಹಾಕಿ ಬಟ್ಟಲನ್ನೇ ಸುತ್ತಿಸಿ, ತಾನಾಗಿ ದುಂಡಗಾಗುತ್ತದೆ. ಅನ್ನ ಬಸಿಯುವುದನ್ನು ಮಾತ್ರ ಬಿಟ್ಟುಬಿಡಿ. ಕುದಿಯುವ ಗಂಜಿಯ ಪಾತ್ರೆ ಒಂದು ಕೈಯಲ್ಲಿ ಬಗ್ಗಿಸುವಾಗ ಮುಚ್ಚಳ ಜಾರಿದರೆ ಸುಡುವುದು ಸೋತ ಕೈಯೇ, ಅದು ಬೇಗ ಹಿಂದೆ ಸರಿಯುವುದೂ ಇಲ್ಲ. ನೀರು ಅಳೆದು ಇಂಗಿಸಿ, ಇಲ್ಲವೇ ಎಲೆಕ್ಟ್ರಿಕ್ ಕುಕ್ಕರ್ ಇಟ್ಟುಕೊಳ್ಳಿ.

20 ಲೀಟರ್ ನೀರಿನ ಕ್ಯಾನ್ ಎಂದರೆ 20 ಕೆ.ಜಿ.ಗೂ ಮೇಲೆ. ಎತ್ತಿ ಬಗ್ಗಿಸಬೇಡಿ, ಬಾಯಿಗೆ ಕೂರಿಸುವ ಚಾರ್ಜಿಂಗ್ ಪಂಪ್ ಹಾಕಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ., ಚಕ್ರದ ಸ್ಟ್ಯಾಂಡ್ ಇಲ್ಲದೆ ಅಲುಗಿಸಬೇಡಿ. 25 ಕೆ.ಜಿ. ಅಕ್ಕಿ ಚೀಲವನ್ನು ಅಂಗಡಿಯವರ ಕೈಯಲ್ಲೇ 5 ಕೆ.ಜಿ. ಡಬ್ಬಗಳಿಗೆ ಸುರಿಸಿಕೊಳ್ಳಿ.

ಮನೆಯಲ್ಲಿ ಕೂಸಿದ್ದರೆ, ಕಾಲು ಚಾಚಿ ಕೂತು ಮಗುವನ್ನು ಕಾಲುಗಳ ನಡುವೆ ಮಲಗಿಸಿ ಎಣ್ಣೆ ಹಚ್ಚುವ, ನೀರು ಹಾಕುವ ನಮ್ಮ ಅಜ್ಜಿಯರ ಪದ್ಧತಿಯೇ ಟಬ್ಬಿಗಿಂತ ಕ್ಷೇಮ: ಮಗುವನ್ನು ಕಾಲು ಹಿಡಿದಿರುತ್ತದೆ. ನೀರು ಹೊಯ್ಯಲು ಇನ್ನೊಬ್ಬರಿರಲಿ. ಬಟ್ಟೆ ಬದಲಿಸುವುದು ಚಾಪೆಯ ಮೇಲೆ, ಎತ್ತರದ ಮಂಚದ ಮೇಲೆ ಬೇಡ.

ಕೆಲಸದ ಜಾಗ

ಕಂಪ್ಯೂಟರಿನ ಮುಂದೆ ಮೊದಲು ಬದಲಿಸಬೇಕಾದ್ದು ಕೀಬೋರ್ಡ್. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಸುಮಾರು 44 ಸೆಂ.ಮೀ. ಅಗಲ, ಇಲ್ಲದ್ದು 36. ಆ 8 ಸೆಂ.ಮೀ. ಎಂದರೆ ಮೌಸ್ ಅಷ್ಟು ಹತ್ತಿರ. ಹೊರಗೆ ತಿರುಗದ ಬಲಭುಜಕ್ಕೆ ಪಕ್ಕಕ್ಕೆ ಚಾಚುವುದೇ ಕಷ್ಟ. ದೂರದ ಮೌಸ್ ಹಿಡಿಯಲು ಅದು ಇಡೀ ಮೈಯನ್ನು ತಿರುಚುತ್ತದೆ, ಸಂಜೆಗೆ ಬೆನ್ನು ನೋಯುತ್ತದೆ. ಕಾರಣ ಬೆನ್ನಿನಲ್ಲಿ ಹುಡುಕುತ್ತೇವೆ, ಇರುವುದು ಮೇಜಿನ ಮೇಲೆ.  

ಕುರ್ಚಿಯ ಕೈಯೊರಗು ಎತ್ತರ ಬದಲಿಸುವಂಥದ್ದಾಗಿರಲಿ, ಎರಡೂ ಕಡೆ ಬೇರೆಬೇರೆಯಾಗಿ. ಸೋತ ತೋಳು ಇಡೀ ದಿನ ಜೋತು ಬಿದ್ದರೆ ಅದರ ಭಾರ ಭುಜದ ಕೀಲನ್ನು, ಕತ್ತಿನ ಸ್ನಾಯುವನ್ನು ಜಗ್ಗುತ್ತದೆ. ಒರಗು ಹೆಗಲನ್ನು ಕಿವಿಯತ್ತ ತಳ್ಳುವಷ್ಟು ಎತ್ತರ ಆಗಬಾರದು. ಹೆಗಲು ಸಡಿಲ ಇರುವಾಗ ಮೊಣಕೈ ತಾಗುವಷ್ಟು ಸಾಕು.

ಕನ್ನಡ ಟೈಪಿಂಗಿನಲ್ಲಿ ಇನ್ನೊಂದು ತೊಡಕು. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿ ತಂತ್ರಾಂಶ ಬಳಸುವವರಿಗೆ ರೂಢಿಯಾದ ಕೀಲಿಮಣೆಯಲ್ಲಿ, ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಒತ್ತಬೇಕು. ಒಂದೇ ಕೈಯಲ್ಲಿ ಶಿಫ್ಟ್ ಮತ್ತು ಅಕ್ಷರ ಒಟ್ಟಿಗೆ ಚಾಚಿ ಹಿಡಿಯುತ್ತ ಹೋದರೆ ಹೆಬ್ಬೆರಳ ಬುಡ ಊದಿಕೊಳ್ಳುತ್ತದೆ. ವಿಂಡೋಸಿನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಸತತ ಒತ್ತಿದರೆ ಸ್ಟಿಕ್ಕಿ ಕೀಸ್ ಎಂಬ ಸೌಲಭ್ಯ ಬೇಕೇ ಎಂದು ಕೇಳುತ್ತದೆ, ಹೌದು ಎನ್ನಿ. ಆಮೇಲೆ ಶಿಫ್ಟ್ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರೆ ಸಾಕು. ಉದ್ದದ ಬರಹಕ್ಕೆ ಗೂಗಲ್ ಡಾಕ್ಸಿನ ಧ್ವನಿ ಟೈಪಿಂಗ್ ಕನ್ನಡದಲ್ಲಿ ಕೆಲಸ ಮಾಡುತ್ತದೆ. ಆಡುಮಾತಿಗಿಂತ ಬಿಡಿಸಿ ಉಚ್ಚರಿಸಿದರೆ ತಪ್ಪು ಕಡಿಮೆ. ಫೋನಿನಲ್ಲೂ ಜಿಬೋರ್ಡಿನ ಮೈಕ್ ಬಳಸಿ. ಗಟ್ಟಿ ಕೈಯ ಹೆಬ್ಬೆರಳು ಕಚೇರಿಯಲ್ಲಿ ದುಡಿದು ಬಂದು ರಾತ್ರಿ ವಾಟ್ಸಾಪಿನಲ್ಲೂ ದುಡಿಯುವುದು ಅನ್ಯಾಯ. ಅರ್ಧ ಗಂಟೆಗೊಮ್ಮೆ ಎದ್ದು ಎರಡೂ ಹೆಗಲನ್ನು ಹಿಂದಕ್ಕೆ ಸುತ್ತಿಸಿ.

ಹೊಲದ ಕೆಲಸದಲ್ಲಿ ದೊಡ್ಡ ಅಪಾಯ ಬೆನ್ನಿಗೆ ಹೊರುವ ಸ್ಪ್ರೇಯರ್. 16 ಲೀಟರ್ ತುಂಬಿದರೆ ಯಂತ್ರವೂ ಸೇರಿ ಸುಮಾರು 20 ಕೆ.ಜಿ., ಅದರ ಪಟ್ಟಿ ಒತ್ತುವುದು ಹೆಗಲ ಮೇಲಿನ ಅದೇ ನರಗಳನ್ನು. ಭಾರದ ಪಟ್ಟಿಯ ಒತ್ತಡದಿಂದ ಆರೋಗ್ಯವಂತರಿಗೂ ಕೈ ಸೋಲುವುದುಂಟು. ಅರ್ಧ ಮಾತ್ರ ತುಂಬಿ, ಎದೆಗೆ ಅಡ್ಡಪಟ್ಟಿ ಕಟ್ಟಿ, ಸಾಧ್ಯವಾದರೆ ಚಕ್ರದ ಮೇಲಿನ ಬ್ಯಾಟರಿ ಸ್ಪ್ರೇಯರ್ ಬಾಡಿಗೆಗೆ ತನ್ನಿ. ಕಚೇರಿಗೆ ಹೋಗುವವರ ಲ್ಯಾಪ್‌ಟಾಪ್ ಚೀಲಕ್ಕೂ ಇದೇ ಎದೆಪಟ್ಟಿ ಬೇಕು, ಇಳಿಜಾರು ಹೆಗಲಿನಿಂದ ಪಟ್ಟಿ ಜಾರುತ್ತಲೇ ಇರುತ್ತದೆ.

ಏಣಿ ಹತ್ತುವ ಕೆಲಸ ಒಪ್ಪಬೇಡಿ. ಎರಡು ಕಾಲು ಒಂದು ಕೈ ಏಣಿಯ ಮೇಲೆ ಇರಬೇಕೆಂಬುದು ಸುರಕ್ಷತೆಯ ನಿಯಮ. ನಿಮ್ಮ ಆ ಒಂದು ಕೈ ಏಣಿ ಹಿಡಿದರೆ ಕೆಲಸ ಮಾಡುವ ಕೈ ಉಳಿಯುವುದಿಲ್ಲ. ಕಾರ್ಖಾನೆಯ ಪ್ರೆಸ್ಸಿನಲ್ಲಿ ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಯಂತ್ರ ಇಳಿಯುತ್ತದೆ, ಕೈ ಒಳಗೆ ಸಿಗದಿರಲಿ ಎಂದು. ಅನುಕೂಲಕ್ಕೆಂದು ಒಂದು ಗುಂಡಿಗೆ ಟೇಪು ಸುತ್ತಿಕೊಡುವ ಮೇಸ್ತ್ರಿಗಳಿದ್ದಾರೆ. ಬೇಡ ಎನ್ನಿ, ಬೇರೆ ಯಂತ್ರ ಕೇಳಿ.

ಕೇಳುವ ಹಕ್ಕು ಕಾನೂನಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳು ಸೂಕ್ತ ಅನುಕೂಲ ಮಾಡಿಕೊಡಬೇಕೆನ್ನುತ್ತದೆ. 21ನೇ ಸೆಕ್ಷನ್ ಪ್ರಕಾರ ಖಾಸಗಿಯವರೂ ಸೇರಿ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಎಚ್‌ಆರ್ ವಿಭಾಗಕ್ಕೆ ಬರೆಯುವಾಗ ಕಾಯಿಲೆಯ ಇತಿಹಾಸ ಬೇಡ. ಬೇಕಾದ ವಸ್ತುಗಳನ್ನು ಹೆಸರಿಸಿ: ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್, ಕೈಯೊರಗು ಬದಲಿಸಬಹುದಾದ ಕುರ್ಚಿ, ಸೊಂಟದ ಎತ್ತರದ ಕಪಾಟು. "ಸ್ವಲ್ಪ ಸಹಾಯ ಬೇಕು" ಎಂದು ಬರೆದ ಪತ್ರಕ್ಕೆ ಸಹಾನುಭೂತಿ ಸಿಗುತ್ತದೆ, ಕುರ್ಚಿ ಸಿಗುವುದಿಲ್ಲ.

ಗಾಡಿ

ಸ್ಕೂಟರಿನ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಬಲಕ್ಕಿವೆ. ಸೋತಿರುವುದು ಎಡಗೈ, ಬೆರಳಿನ ಹಿಡಿತ ಚೆನ್ನಾಗಿದೆ ಎಂದಾದರೆ ಗೇರಿಲ್ಲದ ಸ್ಕೂಟರ್ ಆಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಕಂಬೈನ್ಡ್ ಬ್ರೇಕ್ ಇಲ್ಲವೇ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಕಂಬೈನ್ಡ್ ಬ್ರೇಕ್ ಇರುವ ಸ್ಕೂಟರಿನ ಎಡ ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಎಡಗೈ ಆ ಲಿವರನ್ನು ಪೂರ್ತಿ ಒತ್ತಬಲ್ಲದೇ ಎಂದು ನಿಂತ ಗಾಡಿಯಲ್ಲಿ ನೋಡಿ. ಬಲಗೈ ಸೋತು ಮಣಿಕಟ್ಟು ಹಿಂದಕ್ಕೆ ಬಾಗದಿದ್ದರೆ ಮಾಮೂಲಿ ಸ್ಕೂಟರ್ ಬೇಡ. ಪಕ್ಕಕ್ಕೆ ಎರಡು ಚಕ್ರ ಹಾಕಿಸುವುದು ಕಾಲಿನ ತೊಂದರೆಗೆ ಉಪಾಯ, ಕೈಗಲ್ಲ.

ಕಾರು ಹೆಚ್ಚು ಅನುಕೂಲ. ನಮ್ಮಲ್ಲಿ ಗೇರ್ ಎಡಕ್ಕಿರುವುದರಿಂದ ಎಡಗೈ ಸೋತವರಿಗೆ ಆಟೊಮ್ಯಾಟಿಕ್ ಬಂದರೆ ಮುಕ್ಕಾಲು ಸಮಸ್ಯೆ ಮುಗಿಯಿತು. ಹ್ಯಾಂಡ್ ಬ್ರೇಕೂ ಎಡಕ್ಕೇ ಇದೆ, ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬ್ರೇಕ್ ಇರುವ ಮಾದರಿ ನೋಡಿ. ಬಲಗೈ ಸೋತವರು ಇಂಡಿಕೇಟರ್ ಎಲ್ಲಿದೆ ಎಂದು ನೋಡಿ ಕೊಳ್ಳಬೇಕು: ಮಾರುತಿ, ಹ್ಯುಂಡೈ ಗಾಡಿಗಳಲ್ಲಿ ಬಲಕ್ಕೆ, ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಎಡಕ್ಕೆ. ಸ್ಟಿಯರಿಂಗಿಗೆ ತಿರುಗುವ ಗುಬುಟು ಹಾಕಿಸುವುದಾದರೆ ಗಟ್ಟಿ ಕೈ ಎಡವಾದರೆ ಗಡಿಯಾರದ 9-10ರ ಜಾಗ, ಬಲವಾದರೆ 2-3ರ ಜಾಗ. ಬದಲಾವಣೆ ಮಾಡಿಸಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ದಾಖಲಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ. ದಾಖಲಿಸದ ಬದಲಾವಣೆ ಕ್ಲೇಮಿನ ದಿನ ಜಗಳವಾಗುತ್ತದೆ.

ಬಸ್ಸಿನಲ್ಲಿ ಮೇಲಿನ ಕಂಬಿ ನಿಮ್ಮದಲ್ಲ. ಗಟ್ಟಿ ಕೈ ನಿಂತ ಕಂಬಿಗೆ, ಸೋತ ಕೈ ಪ್ಯಾಂಟಿನ ಜೇಬಿಗೆ. ಯಾರಾದರೂ ಹತ್ತುವಾಗ ಅದನ್ನು ಹಿಡಿದು ಎಳೆಯುವುದು ತಪ್ಪುತ್ತದೆ.

ಪ್ರಮಾಣಪತ್ರ

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ. ಆಧಾರ್, ಫೋಟೊ, ಹಳೆಯ ಚಿಕಿತ್ಸೆಯ ಕಾಗದ ಸಾಕು. ಆನ್‌ಲೈನ್ ಆಗದವರು ಅಂಗವಿಕಲರ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು ಅವರನ್ನು ಕೇಳಿ, ಅದು ಅವರ ಕೆಲಸವೇ. ಕಾರ್ಡಿನ ಬಣ್ಣ ವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ ಹಳದಿ, 80ರಿಂದ ನೀಲಿ. ಮೀಸಲಾತಿ, ತೆರಿಗೆ ರಿಯಾಯಿತಿಗಳಿಗೆ ಗಡಿ ಶೇ 40.

ಈ ಪ್ರಮಾಣ ಗೊತ್ತುಮಾಡುವ ವೈದ್ಯಕೀಯ ಪರೀಕ್ಷೆಯಲ್ಲಿ ಕೀಲುಗಳ ಚಲನೆ, ಸ್ನಾಯುವಿನ ಬಲ, ಕೈಯಿಂದ ಮಾಡುವ ಕೆಲಸಗಳು ಮೂರನ್ನೂ ನೋಡುತ್ತಾರೆ. ಬಲವನ್ನು 0ರಿಂದ 5ರ ದರ್ಜೆಯಲ್ಲಿ ಅಳೆಯುತ್ತಾರೆ. ಇಲ್ಲಿ ಅಂಕ ಕಳೆದುಕೊಳ್ಳುವ ಮಾಮೂಲಿ ದಾರಿ ಏನೆಂದರೆ, ಹುಟ್ಟಿನಿಂದ ರೂಢಿಯಾದ ಸರ್ಕಸ್ಸನ್ನು ಅಲ್ಲೂ ಮಾಡುವುದು. ಕೈ ಎತ್ತಿ ಎಂದರೆ ಸೊಂಟ ವಾಲಿಸಿ, ಹೆಗಲ ಮೂಳೆ ತಿರುಗಿಸಿ ಹೇಗೋ ಎತ್ತಿಬಿಡುತ್ತೇವೆ, ದೂರದಿಂದ ನೋಡಿದವರಿಗೆ ಭುಜ ಚೆನ್ನಾಗಿದೆ ಅನ್ನಿಸುತ್ತದೆ. ತೋಳಿಲ್ಲದ ಬನಿಯನ್ ಅಥವಾ ಸಡಿಲ ರವಿಕೆ ತೊಟ್ಟು ಹೋಗಿ, ಬೆನ್ನು ಗೋಡೆಗೆ ಒರಗಿಸಿ ನಿಂತು ಅಳೆಯಲು ಕೇಳಿ. "ಎಲ್ಲ ಮ್ಯಾನೇಜ್ ಮಾಡ್ತೀನಿ ಸಾರ್" ಎನ್ನುವ ಮಾತು ಅಲ್ಲಿ ಬೇಡ. ಗುಂಡಿ ಹಾಕಲು, ಜಡೆ ಹೆಣೆಯಲು, ತಂಬಿಗೆ ಎತ್ತಲು ಎಲ್ಲಿ ನಿಲ್ಲುತ್ತದೆ ಎಂದು ಹೇಳಿ. ಬಂದ ಅಂಕ ಸರಿಯಿಲ್ಲ ಅನ್ನಿಸಿದರೆ ಕಾಯ್ದೆಯ 59ನೇ ಸೆಕ್ಷನ್ ಅಡಿ ಮೇಲ್ಮನವಿಗೆ ಅವಕಾಶ ಇದೆ.

ಸರ್ಕಾರಿ ನೇಮಕಾತಿಯಲ್ಲಿ ಕಾಯ್ದೆ ಹೇಳುವ ಕನಿಷ್ಠ ಶೇ 4 ಮೀಸಲಾತಿಯ ಪೈಕಿ ಚಲನಾಂಗ ವೈಕಲ್ಯದ ಗುಂಪಿಗೆ ಶೇ 1. ಪ್ರಕಟಣೆಯಲ್ಲಿ ಒಎ ಎಂದಿದ್ದರೆ ಒಂದು ತೋಳಿನ ತೊಂದರೆ ಇರುವವರಿಗೆ ಆ ಹುದ್ದೆ ತೆರೆದಿದೆ ಎಂದರ್ಥ. ಅದಿಲ್ಲದ ಹುದ್ದೆಗೆ ಶುಲ್ಕ ಕಟ್ಟುವ ಮೊದಲು ಯೋಚಿಸಿ. ಬರೆಯುವ ಕೈಯೇ ಸೋತಿದ್ದರೆ ಬರೆಯುವ ಸಹಾಯಕರಿಗೂ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯಕ್ಕೂ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಅರ್ಜಿ ಹಾಕುವಾಗಲೇ ಕೇಳಿರಬೇಕು. ಆದಾಯ ತೆರಿಗೆಯಲ್ಲಿ 80ಯು ಎಂದು ಜನ ಕರೆಯುವ 75,000 ರೂ. ಕಡಿತ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ರೈಲಿನ ರಿಯಾಯಿತಿ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ, ನಮ್ಮಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ.

ನೋವು, ವ್ಯಾಯಾಮ, ಆಸ್ಪತ್ರೆ

ದಿನಕ್ಕೊಮ್ಮೆ, ಬಿಸಿನೀರಿನ ಸ್ನಾನದ ಮೇಲೆ, ನೆಲದ ಮೇಲೆ ಅಂಗಾತ ಮಲಗಿ. ಹೆಗಲ ಮೂಳೆಯನ್ನು ನೆಲಕ್ಕೆ ಒತ್ತಿ ಹಿಡಿಯಿರಿ. ಇದಿಲ್ಲದಿದ್ದರೆ ಎಳೆತವೆಲ್ಲ ಹೆಗಲ ಮೂಳೆಗೆ ಹೋಗಿ ಕೀಲು ಹಾಗೆಯೇ ಬಿಗಿದಿರುತ್ತದೆ. ಮೊಣಕೈ ಪಕ್ಕೆಗೆ ಅಂಟಿಸಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಗಟ್ಟಿ ಕೈಯಿಂದ ಸೋತ ಮುಂಗೈಯನ್ನು ಹೊರಕ್ಕೆ ತಳ್ಳಿ, ಬಿಗಿ ಅನ್ನಿಸುವಲ್ಲಿ 30 ಸೆಕೆಂಡು ನಿಲ್ಲಿಸಿ. ನಾಲ್ಕೈದು ಸಲ. ಚುಚ್ಚುವ ನೋವು ಬಂದರೆ ಅಲ್ಲಿಗೆ ನಿಲ್ಲಿಸಿ: ಬೆಳೆಯುವ ವಯಸ್ಸಿನಲ್ಲೇ ಆಕಾರ ಬದಲಾದ ಕೀಲಿನ ಗುಂಡು ಜಗ್ಗಿದಷ್ಟೂ ತಿರುಗುವುದಿಲ್ಲ. ಅಂಗೈ ಮೇಲ್ಮುಖ ಮಾಡಲು ಉದ್ದನೆಯ ಸೌಟಿನ ಹಿಡಿಯ ತುದಿಯನ್ನು ಹಿಡಿದು ನಿಧಾನ ಹೊರಳಿಸಿ, ಸೌಟಿನ ಭಾರವೇ ಎಳೆಯುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗದವರು ಭಾರ ಜೋತುಹಾಕಬೇಡಿ. ಸ್ನಾಯು ಎದುರು ಬಿಗಿಯುತ್ತದೆ. ಅದಕ್ಕೆ ರಾತ್ರಿ ಕಟ್ಟುವ ಸ್ಪ್ಲಿಂಟ್ ಬಗ್ಗೆ ಫಿಸಿಯೋಥೆರಪಿಸ್ಟರನ್ನು ಕೇಳಿ.

ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆ ಸೇರಿದಾಗ ಈ ಕೈಯ ವಿಷಯ ಹೇಳುವುದನ್ನು ಮರೆಯುತ್ತೇವೆ. ನರ್ಸು ಗಟ್ಟಿ ಕೈಯ ಮಣಿಕಟ್ಟಿಗೆ ಡ್ರಿಪ್ ಹಾಕಿದರೆ ನೀವು ನೀರು ಕುಡಿಯಲೂ ಇನ್ನೊಬ್ಬರನ್ನು ಕರೆಯಬೇಕು. ಸೋತ ಕೈಯಲ್ಲಿ ಸ್ಪರ್ಶ ಚೆನ್ನಾಗಿದ್ದರೆ ಅಲ್ಲೇ ಹಾಕಲು ಕೇಳಿ. ಸ್ಪರ್ಶ ಕಡಿಮೆ ಇದ್ದರೆ ಬೇಡ, ಸೂಜಿ ಜಾರಿ ಔಷಧ ಚರ್ಮದಡಿ ಸೋರಿದರೂ ತಿಳಿಯುವುದಿಲ್ಲ. ಆಗ ಗಟ್ಟಿ ಕೈಯ ಮುಂಗೈ ನಡುಭಾಗ ಕೇಳಿ. ರಕ್ತದೊತ್ತಡ ಗಟ್ಟಿ ಕೈಯಲ್ಲಿ ನೋಡಲಿ.

ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರಿಗೆ ಎರಡು ಮಾತು ಬರೆದೇ ಕೊಡಿ. ಒಂದು, ಪ್ರಜ್ಞೆ ಇಲ್ಲದಾಗ ಸೋತ ತೋಳನ್ನು ಅದು ಎಚ್ಚರದಲ್ಲಿ ಹೋಗುವುದಕ್ಕಿಂತ ಹೆಚ್ಚು ಚಾಚಿ ಕಟ್ಟಬಾರದು. ಎರಡನೆಯದು ಗಟ್ಟಿ ಭುಜದ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಹುಟ್ಟಿನ ಪೆಟ್ಟು ಕೆಲವರಲ್ಲಿ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರೆಳೆಯುವ ಸ್ನಾಯುವಿಗೆ, ಹೋಗುವ ನರವನ್ನೂ ಸೋಲಿಸಿರುತ್ತದೆ, ಆ ಕಡೆಯ ವಪೆ ಕೆಲಸ ಮಾಡುತ್ತಿರುವುದಿಲ್ಲ. ಭುಜದ ಆಪರೇಷನ್ನಿಗೆ ಕತ್ತಿನಲ್ಲಿ ಕೊಡುವ, ನರವನ್ನು ಮರಗಟ್ಟಿಸುವ ಚುಚ್ಚುಮದ್ದು, ಅಂದರೆ ನರದ ಬ್ಲಾಕ್, ಕೊಟ್ಟ ಬದಿಯ ವಪೆಯನ್ನು ಕೆಲವು ಗಂಟೆ ನಿಲ್ಲಿಸಬಲ್ಲದು. ಗಟ್ಟಿ ಕಡೆಗೆ ಅದನ್ನು ಕೊಟ್ಟರೆ ಎರಡೂ ಬದಿ ಒಟ್ಟಿಗೆ ನಿಂತು ಉಸಿರಾಟವೇ ಕಷ್ಟವಾಗಬಹುದು. ಬ್ಲಾಕ್ ಕೊಡುವ ಮೊದಲು ಎದೆಯ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡಿನಲ್ಲಿ ವಪೆ ನೋಡಿಕೊಳ್ಳಲು ಹೇಳಿ. ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಅದರ ಫೋಟೊ ಒಂದು ಮನೆಯವರ ಫೋನಿನಲ್ಲೂ ಇರಲಿ.